ಅಪ್ಪನ ಕಟಿಂಗು

ಅಕ್ಕಿಆಲೂರಿನ ಕಡೆ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ನ್ಯಾಯದ ಪಾಠ ಬಂದಾಗ ಮಕ್ಕಳಿಗೆ ಒಂದು ಆಟ ಆಡಿಸುವುದು ರೂಢಿ. ನೀವಿನ್ನೂ ಹುಟ್ಟಿಲ್ಲ, ಯಾವ ಓಣಿಯಲ್ಲಿ ಹುಟ್ಟುತ್ತೀರೋ ಗೊತ್ತಿಲ್ಲ, ಈಗ ನಿಮ್ಮೂರಿಗೆ ನಿಯಮ ಬರೆಯಿರಿ ಅನ್ನುತ್ತೇನೆ. ಬಂಗಾರದಂಥ ನಿಯಮ ಬರೆಯುತ್ತಾರೆ. ಆಮೇಲೆ ಗಂಟೆ ಹೊಡೆಯುತ್ತದೆ, ಎಲ್ಲರೂ ಬಸ್ಸು ಹತ್ತಿ ತಾವು ಹುಟ್ಟಿದ ಓಣಿಗೇ ಹೋಗುತ್ತಾರೆ. ನಾನೂ ಹೋಗುತ್ತೇನೆ.

ನಮ್ಮ ಓಣಿ ಇರುವುದು ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿಯ ಕೊನೆಗೆ. ಅಪ್ಪ ಗೌಂಡಿ. ಊರ ನಡುವಿನ ಕಟಿಂಗ್ ಅಂಗಡಿಯ ಗೋಡೆ ಕಟ್ಟಿ, ಗಿಲಾವು ಮಾಡಿ, ದೊಡ್ಡ ಕನ್ನಡಿಯನ್ನು ಸಿಮೆಂಟಿನಲ್ಲಿ ಕೂರಿಸಿದವನು ಅವನೇ. ಕುರ್ಚಿ ಬಂದು ಕೂತ ಮೇಲೆ ಅವನು ಆ ಬಾಗಿಲು ದಾಟುವಂತಿರಲಿಲ್ಲ. ನಮ್ಮ ಓಣಿಯ ಗಂಡಸರು ಕೂದಲು ಬೆಳೆದರೆ ಸವಣೂರಿನ ಬಸ್ಸು ಹಿಡಿಯಬೇಕು. ಅಲ್ಲಿ ಮಸೀದಿ ಹತ್ತಿರದ ಅಂಗಡಿಯವನು, ತಲೆ ಬಗ್ಗಿಸ್ರಿ ಅನ್ನುವುದೊಂದು ಬಿಟ್ಟು ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಬರುವಾಗ ಅಪ್ಪ ತಿನ್ನಲು ಖಾರಾ ತರುತ್ತಿದ್ದ. ಹಾಗಾಗಿ ಚಿಕ್ಕಂದಿನಲ್ಲಿ ಅವನ ಕೂದಲು ಬೇಗ ಬೆಳೆಯಲಿ ಅಂತ ನಾನು ಕಾಯುತ್ತಿದ್ದೆ.

ಮನೆಯಲ್ಲಿ ಬುದ್ಧನ ಫೋಟೊ ಹಾಕಿದ ಮೇಲೆ ಅಪ್ಪನಿಗೆ ಒಂದು ಆಸೆ ಹುಟ್ಟಿತು. ತಾನು ಕೂರಿಸಿದ ಆ ಕನ್ನಡಿಯ ಮುಂದೆ, ಉಳಿದವರ ಹಾಗೆ ಪಾಳಿ ಹಚ್ಚಿ ಕೂತು, ಒಂದು ಸಲ ಕಟಿಂಗ್ ಮಾಡಿಸಿಕೊಳ್ಳಬೇಕು. ಇಷ್ಟೇ. ಒಂದು ಮುಂಜಾನೆ ಹೋಗಿ ಬಾಗಿಲಲ್ಲಿ ನಿಂತ. ಅಂಗಡಿಯವನು ಕೆಟ್ಟವನಲ್ಲ, ಅಂಜುಬುರುಕ. ಅಪ್ಪನನ್ನು ಹೊರಗೆ ಕರಕೊಂಡು ಬಂದು ದನಿ ತಗ್ಗಿಸಿ ಹೇಳಿದನಂತೆ:

“ನಿನ್ನ ತಲಿಗೆ ಕತ್ತರಿ ಹಚ್ಚಿದ್ನಿ ಅಂದ್ರ ನಾಳಿಂದ ಊರಾನ ಮಂದಿ ಬರಂಗಿಲ್ಲೋ ಮಾರಾಯಾ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ.”

ಅಪ್ಪ ಸುಮ್ಮನೆ ವಾಪಸು ಬಂದ. ಸುಮ್ಮನಿರದವಳು ನಾನು. ಕಾನೂನು ಓದಿಕೊಂಡಿದ್ದೆ, ಕಾನೂನನ್ನು ನಂಬಿಯೂ ಇದ್ದೆ. ಅಪ್ಪನ ಕಡೆಯಿಂದ ದೂರು ಕೊಡಿಸಿದೆ, ಕೇಸಾಯಿತು. ಕೇಸಿನ ಬೆನ್ನಿಗೇ ಅಧಿಕಾರಿಗಳು ಊರಲ್ಲಿ ಶಾಂತಿಸಭೆ ಕರೆದರು. ಎಲ್ಲರೆದುರು ಅಂಗಡಿಯಲ್ಲೇ ಅಪ್ಪನ ಕಟಿಂಗು ಆಗುವುದು ಅಂತ ತೀರ್ಮಾನವಾಯಿತು.

ಆ ದಿನ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಹೊರಬಂದ. ತಲೆ ನುಣ್ಣಗಿತ್ತು. ಹಿಂದಿನ ದಿನ ಸವಣೂರಿಗೆ ಹೋಗಿ ಮಾಡಿಸಿಕೊಂಡು ಬಂದುಬಿಟ್ಟಿದ್ದ!

“ಏನ ಮಾಡ್ದ್ಯೋ ಅಪ್ಪಾ?” ಅಂದೆ.

“ಸಾಹೇಬ್ರು ಬರ್ತಾರಲ್ಲವಾ. ಅವರ ಮುಂದ ತಲಿ ಕೆದರಿಕೊಂಡು ಹೆಂಗ ಹೋಗೂದು?” ಅಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಚೇರಿ ಮೆಟ್ಟಿಲು ಹತ್ತುವ ಮೊದಲು ಚೊಕ್ಕಾಗಿ ಹೋಗಬೇಕು, ಇಲ್ಲದಿದ್ದರೆ ಹೊರಗೇ ನಿಲ್ಲಿಸುತ್ತಾರೆ ಅಂತ ನಮ್ಮ ಅಜ್ಜಿ ಅವನಿಗೆ ಕಲಿಸಿದ್ದಳು. ರೇಷನ್ ಕಾರ್ಡಿಗೆ ಹೋಗುವಾಗಲೂ ಅವನು ಗಡ್ಡ ತೆಗೆಸಿಕೊಂಡೇ ಹೋಗುತ್ತಿದ್ದ. ಅವತ್ತೂ ಕೈಕಾಲು ಅದನ್ನೇ ಮಾಡಿದ್ದವು.

ಅಪ್ಪ ಕುರ್ಚಿಯಲ್ಲಿ ಕೂತ. ಅಂಗಡಿಯವನು ಬಟ್ಟೆ ಹೊದಿಸಿದ, ಕತ್ತರಿ ಎತ್ತಿದ, ತಲೆ ನೋಡಿ ನಿಂತುಬಿಟ್ಟ. ಕತ್ತರಿಸಲು ಏನೂ ಇರಲಿಲ್ಲ. ಬಾಗಿಲ ತುಂಬ ಅಧಿಕಾರಿಗಳು, ಪೊಲೀಸರು, ಪೇಪರಿನವರು. ಕೊನೆಗೆ ಅವನು ಅಪ್ಪನ ಕಿವಿಯ ಪಕ್ಕ ಬರೀ ಗಾಳಿಯಲ್ಲಿ ಕತ್ತರಿ ಆಡಿಸಿದ. ಕಚ ಕಚ ಸದ್ದಾಯಿತು, ಫೋಟೊ ತೆಗೆದರು, ಚಪ್ಪಾಳೆ ತಟ್ಟಿದರು. ಅವನ ಬೆರಳು ಒಂದು ಸಲವೂ ಅಪ್ಪನ ತಲೆಗೆ ತಾಗಲಿಲ್ಲ. ಅದನ್ನು ಅಪ್ಪ ಕನ್ನಡಿಯಲ್ಲಿ ನೋಡಿದ, ನಾನು ಬಾಗಿಲಿನಿಂದ ನೋಡಿದೆ.

ಮರುದಿನ ಪೇಪರಿನಲ್ಲಿ ಫೋಟೊ ಬಂತು. ಅಂಗಡಿ ಮಾತ್ರ ತೆಗೆಯಲಿಲ್ಲ. ಆಮೇಲೂ ತೆಗೆಯಲಿಲ್ಲ. ಅಂಗಡಿಯವನು ಕತ್ತರಿ ಚೀಲದಲ್ಲಿಟ್ಟುಕೊಂಡು ಮೇಲಿನ ಓಣಿಯ ಮನೆಮನೆಗೆ ಹೋಗಿ, ಅವರವರ ಪಡಸಾಲೆಯಲ್ಲೇ ಕಟಿಂಗ್ ಮಾಡತೊಡಗಿದ. ಮುಚ್ಚಿದ ಬಾಗಿಲು ಎಲ್ಲರಿಗೂ ಒಂದೇ ಅಲ್ಲವೇ? ಅಂಗಡಿ ತೆಗೆ ಅಂತ ಒತ್ತಾಯಿಸುವ ಕಾನೂನು ಇಲ್ಲ. ಹುಡುಕಿ ನೋಡಿದ್ದೇನೆ.

ಕೋರ್ಟಿನಲ್ಲಿ ಅವನ ವಕೀಲರು ಆ ಪೇಪರನ್ನೇ ಅಪ್ಪನ ಮುಂದೆ ಹಿಡಿದರು.

“ಕುರ್ಚಿಯೊಳಗ ಕುಂತಾವ್ರು ನೀವ ಹೌದಲ್ರಿ?”

“ಹೌದ್ರಿ.”

“ಕಟಿಂಗ್ ಮಾಡಾಕತ್ತಾಂವ ಇವನ ಹೌದಲ್ರಿ?”

“ಹೌದ್ರಿ. ಆದ್ರ ಅವತ್ತ ನನ್ನ ತಲಿಮ್ಯಾಲ ಕೂದಲಾ ಇರಲಿಲ್ರಿ. ಸವಣೂರಾಗ ಮಾಡಿಸಿಕೊಂಡ ಬಂದಿದ್ನಿ.”

ಕೂತವರು ನಕ್ಕರು. ವಕೀಲರೂ ನಕ್ಕರು. “ಅಂದ್ರ ನಿಮಗ ಈ ಅಂಗಡಿ ಬೇಕಾಗೇ ಇರಲಿಲ್ಲ” ಅಂದರು.

ಅಪ್ಪ ನನ್ನ ಕಡೆ ನೋಡಿದ. ಬೇಕಾಗಿತ್ತು ಅನ್ನುವುದನ್ನು ಕಟಕಟೆಯಲ್ಲಿ ನಿಂತು ಹೇಗೆ ಹೇಳಬೇಕೋ ಅವನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ಅವನನ್ನು ತಡೆದದ್ದನ್ನು ಕಂಡವರು ಯಾರೂ ಕಂಡೆವು ಅನ್ನಲಿಲ್ಲ. ಕೇಸು ಬಿದ್ದುಹೋಯಿತು. ನ್ಯಾಯಾಧೀಶರ ಮೇಲೆ ನನಗೆ ಸಿಟ್ಟಿಲ್ಲ; ಅವರ ಮುಂದಿದ್ದದ್ದು ಆ ಫೋಟೊ. ಸಿಟ್ಟು ಯಾರ ಮೇಲೆ ಅಂತ ಗೊತ್ತಾಗದ್ದೇ ನನ್ನನ್ನು ಈಗಲೂ ಸುಡುತ್ತದೆ.

ಈಗ ಆ ಅಂಗಡಿಯಲ್ಲಿ ಮೊಬೈಲ್ ರಿಪೇರಿ. ಬಾಡಿಗೆಗೆ ಬಂದ ಹೊಸಬ ಗೋಡೆಗೆ ಹಲಗೆ ಹೊಡೆಸಲು ಕನ್ನಡಿ ತೆಗೆಸಬೇಕೆಂದು ಗೌಂಡಿಯನ್ನು ಹುಡುಕಿದ. ಅಪ್ಪನೇ ಹೋದ. ಸಿಮೆಂಟು ಕೆತ್ತಿ, ಒಂದು ಮೂಲೆಯೂ ಒಡೆಯದಂತೆ ಕನ್ನಡಿ ಬಿಡಿಸಿದ. ನನಗೆ ಬ್ಯಾಡ, ನೀವ ಒಯ್ಯಿರಿ ಅಂದನಂತೆ ಹೊಸಬ.

ಅದು ಈಗ ನಮ್ಮ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಅಪ್ಪನಿಗೆ ಮೊಣಕಾಲು ನೋವು, ಸವಣೂರಿನ ಬಸ್ಸು ಹತ್ತಲಾಗುವುದಿಲ್ಲ. ಅವನ ಕೂದಲು ನಾನೇ ಕತ್ತರಿಸುತ್ತೇನೆ, ಒಂದು ಕಡೆ ಏರು, ಒಂದು ಕಡೆ ಇಳಿ. ಮೊನ್ನೆ ಕೇಳಿದೆ, “ಕನ್ನಡಿ ಈ ಕಡೆ ತಿರುಗಿಸ್ಲೇನಪಾ?”

“ಬ್ಯಾಡವಾ” ಅಂದ. “ಅದರಾಗ ಅವನ ಕೈ ಕಾಣತೈತಿ.”

ನಾನು ಅವನ ತಲೆಯ ಮೇಲೆ ನನ್ನ ಕೈ ಇಟ್ಟೆ. ಆಮೇಲೆ ಹಿಂದಿನ ಕೂದಲು ಕತ್ತರಿಸಿ ಮುಗಿಸಿದೆ.