ಮೀನಿಲ್ಲದ ಭಾನುವಾರಗಳು

ವಡೋದರಾದಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿ ಮೊದಲ ದಿನವೇ ನನ್ನ ಪಾತ್ರೆಗಳನ್ನು ಮೂಸಿ ನೋಡಿದ್ದಳು. ಈರುಳ್ಳಿಗೆ ಮಾಫಿ ಇತ್ತು, ಮೀನಿಗೆ ಇರಲಿಲ್ಲ. ಕುಂದಾಪುರದ ಕಡೆಯವಳಾದ ನಾನು, ತೊಂಬತ್ತರ ದಶಕದ ಆ ವರ್ಷಗಳಲ್ಲಿ, ಅದೇ ಊರಿನ ಮಕರಪುರದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಗಾಜಿನ ಬಾಟಲಿಗಳ ಜೊತೆ ಎಷ್ಟೆಂದು ಮಾತಾಡುವುದು? ಸಂಜೆ ಕೋಣೆಗೆ ಬಂದು ಬೀಗ ತೆಗೆಯುವಾಗ ಆ ದಿನದ ಕನ್ನಡವೆಲ್ಲ ಗಂಟಲಲ್ಲೇ ಉಳಿದಿರುತ್ತಿತ್ತು.

ಇದ್ದ ಒಂದೇ ಆಸರೆ ಭಾನುವಾರ. ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ನಡೆಸುತ್ತಿದ್ದ ನಮ್ಮೂರ ಕಡೆಯ ಗಂಡಹೆಂಡತಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಕೆಳಗೆ ಹೋಟೆಲಿನಲ್ಲಿ ಶುದ್ಧ ಸಸ್ಯಾಹಾರ. ಮೇಲೆ ಅವರ ಮನೆಯಲ್ಲಿ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ, ಮೀನುಸಾರು. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೀನಿನ ತಲೆಯನ್ನು ಅವರು ಗಂಡನಿಗೂ ಕೊಡದೆ ನನ್ನ ತಟ್ಟೆಗೆ ಹಾಕುತ್ತಿದ್ದರು. ನಾನು ಅದನ್ನು ಚೀಪುತ್ತ ಕೂತರೆ ಊರ ಸುದ್ದಿ, ಚಾಡಿ, ನಗು ಎಲ್ಲ ಒಂದೊಂದಾಗಿ ಹೊರಗೆ ಬರುತ್ತಿತ್ತು. ವಾರವಿಡೀ ನಾನು ಬದುಕಿದ್ದದ್ದು ಆ ಎರಡು ಗಂಟೆಗಾಗಿ.

ಒಮ್ಮೆ ಪೇಟೆಯ ಮೀನು ನಮ್ಮಲ್ಲಿಗೆ ಪರೀಕ್ಷೆಗೆ ಬಂತು. ಕಾರ್ಖಾನೆಗಳ ನೀರು ಸೇರುವ ಅಳಿವೆಯ ಕಡೆಯಿಂದ ಬಂದದ್ದರಲ್ಲಿ ಪಾದರಸ, ಸೀಸ ಎರಡೂ ಮಿತಿ ದಾಟಿದ್ದವು. ಪರೀಕ್ಷೆಗೆ ಕಳಿಸಿದವರಿಗೆ ವರದಿ ಕೊಟ್ಟೆವು. ಪೇಟೆಯಲ್ಲಿ ಅದೇ ಮೀನಿನ ಮಾರಾಟ ಎಂದಿನಂತೆ ನಡೆದೇ ಇತ್ತು. ಅಕ್ಕ ಕೊಳ್ಳುತ್ತಿದ್ದದ್ದೂ ಅದನ್ನೇ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಅವರು ಬಸುರಿಯಾಗಿದ್ದರು. ಪಾದರಸ ಹೊಟ್ಟೆಯೊಳಗಿನ ಮಗುವಿನ ಮಿದುಳಿಗೇ ಕೈಹಾಕುತ್ತದೆಂದು ನನಗೆ ಗೊತ್ತಿತ್ತು.

ಆ ಭಾನುವಾರ ಮೀನು ಗಡಿಗೆಗೆ ಬೀಳುವ ಮೊದಲೇ ಹೇಳಿಬಿಟ್ಟೆ. ಅಕ್ಕ ಕಿವಿರು ಎತ್ತಿ ತೋರಿಸಿದರು, ಕೆಂಪಗಿತ್ತು. ಮೀನು ತಾಜಾ ಎನ್ನಲು ನಮ್ಮ ಕಡೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

"ಉಪ್ಪು, ಅರಶಿನ ಹಾಕಿ ಸಮಾ ತೊಳಿತೆ. ಹೋತಿಲ್ಯಾ?"

"ಇಲ್ಲೆ ಅಕ್ಕ. ಅದ್ ಮೇಲಿನ ಕೊಳೆ ಅಲ್ಲ. ಮಾಂಸದ ಒಳಗೇ ಇತ್ತ್."

ಅವರು ಕೈ ಹೊಟ್ಟೆಯ ಮೇಲಿಟ್ಟುಕೊಂಡರು. ಆಮೇಲೆ ಮೀನನ್ನು ಕಾಗದದಲ್ಲಿ ಸುತ್ತಿ ಹೊರಗೆ ಹಾಕಿಸಿದರು. ಅಂದು ಕೆಳಗಿನಿಂದ ಸಾಂಬಾರು ತರಿಸಿ ಉಂಡೆವು.

ಮುಂದಿನ ಭಾನುವಾರ ಕರೆ ಬರಲಿಲ್ಲ. ಅದರ ಮುಂದೆಯೂ ಇಲ್ಲ. ಕರೆಯದೆ ಹೋಗಲು ನನಗೆ ಬಿಗುಮಾನ. ಮೊಸರನ್ನ ಕಲಸಿಕೊಂಡು, ಒಳ್ಳೆಯದು ಹೇಳಿದರೆ ಹೀಗೇ ಎಂದು ಗೋಡೆಗೆ ಗೊಣಗುತ್ತಿದ್ದೆ. ಒಂಟಿತನಕ್ಕೆ ಸಿಟ್ಟು ಒಳ್ಳೆಯ ನೆಂಚಿಕೆ.

ಕೆಲವು ತಿಂಗಳು ಕಳೆದು, ಅಹಮದಾಬಾದಿನಲ್ಲಿ ಬೇರೆ ಕೆಲಸ ಸಿಕ್ಕಿ, ಅಲ್ಲಿನ ಮಣಿನಗರದಲ್ಲಿ ಕೋಣೆ ಗೊತ್ತಾದ ಮೇಲೆ, ಹೊರಡುವ ದಿನ ಹೋಟೆಲಿಗೆ ಹೋದೆ. ಅಕ್ಕ ಅಷ್ಟರಲ್ಲಿ ಹುಟ್ಟಿದ್ದ ಮಗುವನ್ನು ನನ್ನ ತೊಡೆಗೆ ಹಾಕಿದರು. ಮಗು ನನ್ನ ಬೆರಳು ಹಿಡಿದು ನಕ್ಕಿತು. ನನ್ನ ಮೇಲೆ ಸಿಟ್ಟಾ ಎಂದು ಕೇಳಿದೆ.

"ಸಿಟ್ಟೆಂತಕೆ? ನೀನ್ ಹೇಳಿದ್ ಮೇಲೆ ಮನಿಗೆ ಮೀನೇ ತರ್ಲಿಲ್ಲೆ. ಮೀನಿಲ್ದೆ ನಿನ್ನ ಊಟಕ್ಕೆ ಹ್ಯಾಂಗ್ ಕರಿಯುದ್?"

ನಾನು ಮೀನಿಗಾಗಿ ಬರುತ್ತಿದ್ದೆನೆಂದೇ ಅವರು ನಂಬಿದ್ದರು. ಹಾಗೆ ನಂಬುವಂತೆ ಉಂಡವಳೂ ನಾನೇ. ಬರೀ ಗಂಜಿ ಅಂದಿದ್ದರೂ ಓಡಿ ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ, ಅಳು ಬಂತು. ಗಾಡಿಗೆ ಹೊತ್ತಾಗಿತ್ತು, ಮಗುವಿನ ಮುಷ್ಟಿಯಿಂದ ಬೆರಳು ಬಿಡಿಸಿಕೊಂಡು ಎದ್ದೆ.