ಮಿಯಾಪುರದಲ್ಲಿ ವೆಸ್ಟ್ ವರ್ಜೀನಿಯಾದ ಮತ ಎಣಿಕೆ

ಒಂಬತ್ತು ವರ್ಷ ಮಿಯಾಪುರದ ಮನೆಯಲ್ಲೇ ಇದ್ದ ನನಗೆ ಕೆಲಸ ಕೊಡುವ ಮುಂಚೆ ಕಂಪನಿಯೊಂದು ಪರೀಕ್ಷೆ ಇಟ್ಟಿತು. ಅಮೆರಿಕದ ವೆಸ್ಟ್ ವರ್ಜೀನಿಯಾ ಎಂಬ ರಾಜ್ಯದಲ್ಲಿ ನೂರು ವರ್ಷಕ್ಕೂ ಹಿಂದೆ ನಡೆದ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಜಿಲ್ಲಾವಾರು ಟೈಪು ಮಾಡಿ, ಪಕ್ಷಗಳ ಒಟ್ಟು ಮತ ತೆಗೆದು, ಸಂಜೆ ಐದರೊಳಗೆ ಕಳಿಸಬೇಕು. ತಪ್ಪಾದರೆ ಮತ್ತೆ ಅವಕಾಶವಿಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಇಷ್ಟು ವರ್ಷದ ಮೇಲೆ ನಿನ್ನ ಕೈಲಾಗುತ್ತದಾ ಎಂದು ಕೇಳಿದವರೆಲ್ಲರ ಮುಖ ನನಗೆ ನೆನಪಿದೆ.

ಮಾವನವರು ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡರು. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದಷ್ಟು ಕಾಲ ಪ್ರತಿ ಚುನಾವಣೆಗೂ ಎಣಿಕೆ ಡ್ಯೂಟಿ ಮಾಡಿದವರು. ಮತ ಅಂದರೆ ಸಾಕು, ಊಟ ಮರೆಯುತ್ತಾರೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

ನಾಲ್ಕಕ್ಕೆ ಮುಗಿಸಿದೆ. ಪ್ರತಿ ಪಕ್ಷದ ಕೆಳಗೂ ಎಂಟೆಂಟು ಹೆಸರಿದ್ದವು. ಯಾರಿಗೆ ಬಿದ್ದರೂ ಪಕ್ಷದ್ದೇ ಮತ ತಾನೇ ಎಂದು, ನಮ್ಮಲ್ಲಿ ಒಂದು ಪಕ್ಷದ ಶಾಸಕರಿಗೆಲ್ಲ ಬಿದ್ದ ಮತ ಕೂಡಿಸುವ ಹಾಗೆ, ಎಂಟೂ ಕೂಡಿಸಿಬಿಟ್ಟಿದ್ದೆ.

"ಆಗ ಆ ರಾಜ್ಯದಾಗ ಮಂದಿ ಎಷ್ಟ ಇದ್ರವಾ?" ನನ್ನ ಒಟ್ಟು ಮೊತ್ತ ನೋಡಿ ಮಾವ ಕೇಳಿದರು.

"ಅದ್ಯಾಕ್ರಿ ಮಾಮಾರ? ನನಗ ಭಾಳ ಅವಸರ ಐತಿ."

"ನೋಡಿ ಹೇಳವಾ. ಆಮ್ಯಾಲ ಕಳಸೀಯಂತ."

ಕಾಟ ತಪ್ಪಲಿ ಎಂದು ಫೋನಿನಲ್ಲಿ ಹುಡುಕಿದೆ. ತೊಟ್ಟಿಲ ಕೂಸುಗಳನ್ನು ಸೇರಿಸಿದರೂ ಆ ರಾಜ್ಯದ ಜನ ನಾನು ಎಣಿಸಿದ ಮತದಷ್ಟಿರಲಿಲ್ಲ.

"ಒಬ್ಬೊಬ್ಬನ ಕೈಯಾಗ ಎಂಟೆಂಟು ಓಟು ಇರಬೇಕು," ಎಂದರು ಮಾವ ಹಿಗ್ಗಿನಿಂದ. "ಕೆಳಗ ಸಣ್ಣ ಅಕ್ಷರದಾಗ ಏನ ಬರದಾರ, ಓದು."

ಓದಿದೆ. ನಿಜವೇ. ಅಲ್ಲಿಯ ಮತದಾರರು ಅಧ್ಯಕ್ಷನನ್ನು ಆರಿಸಲು ಹೋಗುವ ಎಂಟು ಪ್ರತಿನಿಧಿಗಳಿಗೆ ಬೇರೆಬೇರೆಯಾಗಿ ಮತ ಹಾಕುತ್ತಿದ್ದರು. ಪ್ರತಿ ಪಕ್ಷದ ಎಂಟು ಜನರಲ್ಲಿ ಹೆಚ್ಚು ಪಡೆದವನ ಮತವನ್ನಷ್ಟೇ ಪಕ್ಷದ್ದೆಂದು ಹಿಡಿಯಬೇಕಿತ್ತು.

ಐವತ್ತೈದು ಜಿಲ್ಲೆ, ಕೈಯಲ್ಲಿ ಮುಕ್ಕಾಲು ತಾಸು. ಹಾಕಿದ್ದ ಮೊತ್ತಗಳನ್ನೆಲ್ಲ ಅಳಿಸಿದೆ. ಮಾವ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಂಕಿ ಓದಿದರು. ನಾನು ಒತ್ತುತ್ತ ಹೋದೆ. ಪ್ರತಿ ಜಿಲ್ಲೆ ಮುಗಿದಾಗಲೂ "ಆತು, ಮುಂದ" ಎನ್ನುತ್ತಿದ್ದರು. ಐದಕ್ಕೆ ಎರಡು ನಿಮಿಷವಿದ್ದಾಗ ಕಳಿಸಿದೆ.

ಮರುದಿನ ಬೆಳಿಗ್ಗೆ ಉತ್ತರ ಬಂತು, ಸೋಮವಾರದಿಂದ ಕೆಲಸ ಶುರು ಎಂದು. ಮಾವ ಪೇಪರ್ ಮಡಚಿಟ್ಟು ನನ್ನ ಮುಖ ನೋಡಿದರು.

"ಅದೆಲ್ಲಾ ಇರಲಿ, ಕಡೀಕ ಅಲ್ಲಿ ಗೆದ್ದವರು ಯಾರವಾ?"

ಅಷ್ಟು ಅಂಕಿ ಒತ್ತಿದವಳು ಅದನ್ನು ನೋಡಿಯೇ ಇರಲಿಲ್ಲ.

"ನಾನ ಗೆದ್ದೇನ್ರಿ ಮಾಮಾರ," ಎಂದೆ. ಹೇಳುವಾಗ ಅಳು ಬಂದೇಬಿಟ್ಟಿತು.