ಹದಿನಾಲ್ಕನೇ ಮೊಲ ಮತ್ತು ಅತ್ತೆಯವರ ಮಡಿ

1978ರಲ್ಲಿ ನಾನು ಮದ್ರಾಸಿನ ಒಂದು ಔಷಧ ಕಂಪನಿಯ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ ಸೀನಿಯರ್ ಅನಲಿಸ್ಟ್ ಆಗಿದ್ದೆ. ಕಾರ್ಖಾನೆ ಊರಿನ ಉತ್ತರ ತುದಿಯಲ್ಲಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಗ್ಮೋರಿನಿಂದ ಹೊರಟ ಬಸ್ಸು ರಾಯಪುರಂ ದಾಟುವಾಗ ಮೀನಿನ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದೆ. ಆಮೇಲೆ ಅದೂ ಅಭ್ಯಾಸವಾಯಿತು. ಅಭ್ಯಾಸವಾದ ಇನ್ನೊಂದು ಸಂಗತಿ ಎಂದರೆ ಮೊಲಗಳು.

ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಡ್ರಿಪ್ ಹಾಕುವ ಸಲೈನ್ ಬಾಟಲಿಗಳನ್ನು ನಮ್ಮ ಕಂಪನಿ ತಯಾರಿಸುತ್ತಿತ್ತು. ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಆ ನೀರಿನಲ್ಲಿ ಜ್ವರ ತರಿಸುವ ಅಂಶಗಳು ಉಳಿದಿರಬಹುದು. ಅವಕ್ಕೆ ಪೈರೋಜೆನ್ ಎನ್ನುತ್ತಾರೆ. ಅವು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಆಗ ಇದ್ದ ದಾರಿ ಮೊಲ. ಪ್ರತಿ ಬ್ಯಾಚಿನಿಂದ ಸ್ವಲ್ಪ ದ್ರವವನ್ನು ಮೊಲದ ಕಿವಿಯ ರಕ್ತನಾಳಕ್ಕೆ ಕೊಟ್ಟು, ಅದರ ಮೈ ಬಿಸಿ ಏರುತ್ತದೆಯೇ ಎಂದು ಗಂಟೆಗಟ್ಟಲೆ ನೋಡುತ್ತಿದ್ದೆವು. ಏರಿದರೆ ಬ್ಯಾಚ್ ರದ್ದು. ಇದಕ್ಕೆ ಮೊಲ ಶಾಂತವಾಗಿರಬೇಕು. ಗಾಬರಿಗೂ ಮೊಲದ ಮೈ ಬಿಸಿಯಾಗುತ್ತದೆ. ಪರೀಕ್ಷೆಗೆ ಮೊದಲೇ ಉಷ್ಣತೆ ಏರಿಳಿಯುವ ಮೊಲ ನಮಗೆ ನಿಷ್ಪ್ರಯೋಜಕ. ಅಂಥದ್ದನ್ನು ಕೊಂದುಬಿಡುವುದು ಅಲ್ಲಿನ ನಿಯಮವಾಗಿತ್ತು.

ಹದಿನಾಲ್ಕನೇ ನಂಬರಿನ ಮೊಲ ಹಾಗೆ ನಿಷ್ಪ್ರಯೋಜಕವಾಯಿತು. ಬಿಳಿಯ ಗಂಡು ಮೊಲ, ಒಂದು ಕಿವಿಯ ತುದಿ ಸ್ವಲ್ಪ ಹರಿದಿತ್ತು. ಪಂಜರದಿಂದ ಎತ್ತಿಕೊಂಡ ಕೂಡಲೇ ಅದು ನನ್ನ ಮೊಣಕೈ ಮಡಿಕೆಯಲ್ಲಿ ಮೂಗು ತೂರಿಸಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಸೂಜಿ ಹಿಡಿಯುವ ಕೈ ಯಾವುದೋ ಅದೇ ಕೈಯಲ್ಲಿ ಅಡಗಿಕೊಳ್ಳುವುದು ಎಂದರೆ ಏನು ಹೇಳೋಣ! ಅದನ್ನು ಕೊಲ್ಲುವ ಪಟ್ಟಿಗೆ ಸೇರಿಸಿದ ದಿನ ನನಗೆ ಊಟ ಸೇರಲಿಲ್ಲ. ಮ್ಯಾನೇಜರರ ಬಳಿ ಹೋಗಿ, ಮನೆಗೆ ಒಯ್ಯುತ್ತೇನೆ ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ತೊಗೊಂಡು ಹೋಗಿ ಮೇಡಂ. ಆದರೆ ವಾಪಸ್ ತಂದರೆ ನಾನು ಇಟ್ಟುಕೊಳ್ಳೋಕಾಗಲ್ಲ. ರೂಲ್ಸ್ ರೂಲ್ಸೇ."

ನಮ್ಮ ಮನೆ ಎಗ್ಮೋರಿನಲ್ಲಿ ಮಹಡಿಯ ಮೇಲೆ. ಯಜಮಾನರು ರೈಲ್ವೆ ಕಚೇರಿಯಲ್ಲಿದ್ದರು. ಮನೆ ನಡೆಯುತ್ತಿದ್ದದ್ದು ನಮ್ಮ ಅತ್ತೆಯವರ ಮಡಿಯ ಮೇಲೆ. ನಾವು ತಲೆಮಾರುಗಳಿಂದ ಮದ್ರಾಸಿನಲ್ಲಿ ನೆಲೆಸಿದ ವೈಷ್ಣವರು. ಊರು ಬದಲಾಗಿತ್ತು, ಮಾತಿನಲ್ಲಿ ತಮಿಳು ಬೆರೆತಿತ್ತು, ಅತ್ತೆಯವರ ಮಡಿ ಮಾತ್ರ ಒಂದೆಳೆಯೂ ಸಡಿಲವಾಗಿರಲಿಲ್ಲ. ಒಗೆದು ಒಣಹಾಕಿದ ಮಡಿ ಸೀರೆಯನ್ನು ಯಾರೂ ಮುಟ್ಟುವಂತಿಲ್ಲ, ಅವರು ಪೂಜೆಗೆ ಕೂರುವ ಮಣೆಯ ಹತ್ತಿರ ಯಾರೂ ಸುಳಿಯುವಂತಿಲ್ಲ. ಬುಟ್ಟಿಯಲ್ಲಿ ಮೊಲವನ್ನು ಕಂಡು ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಒಂದು ಇಲಿ ಬಂದ್ರೇನೇ ಮನೆಯೆಲ್ಲಾ ತೊಳೆಯೋಳು ನಾನು. ನೀನು ಇಷ್ಟು ದೊಡ್ಡ ಇಲೀನ ಕೈಯಾರೆ ತಂದಿದ್ದೀಯಲ್ಲೇ ವಿಜಯಾ!"

ಅಡುಗೆ ಮಾಡುವವರ ಪಕ್ಷವನ್ನು ಎಂದೂ ಬಿಟ್ಟುಕೊಡದ ಯಜಮಾನರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಕೊನೆಗೆ ಅತ್ತೆಯವರೇ ಒಂದು ಗಡುವು ಕೊಟ್ಟರು. "ಶರಿ, ಗೋಕುಲಾಷ್ಟಮಿವರೆಗೆ ಇರ್ಲಿ. ಅಷ್ಟರಲ್ಲಿ ಒಂದೇ ಜಾಗದಲ್ಲಿ ಹೋಗೋದು ಕಲೀಲಿಲ್ಲಾಂದ್ರೆ ನಿನ್ನ ಪ್ರಾಣೀನ ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ." ಬಿಟ್ಟು ಬಂದರೆ ಏನಾಗುತ್ತದೆ ಎಂದು ನಾನು ಹೇಳಲಿಲ್ಲ. ಹೇಳಿದರೆ ಅವರನ್ನು ಕಟ್ಟಿಹಾಕಿದಂತಾಗುತ್ತದೆ ಎನ್ನಿಸಿತು.

ವರ್ಷಗಟ್ಟಲೆ ಮೊಲಗಳನ್ನು ಕೈಯಲ್ಲಿ ಹಿಡಿದವಳು ನಾನು. ಆರೋಗ್ಯವಂತ ಮೊಲದ ಮೈ ಬಿಸಿ ಮೂವತ್ತೊಂಬತ್ತು ಡಿಗ್ರಿಯ ಆಸುಪಾಸು ಎಂದು ನಿದ್ದೆಯಲ್ಲೂ ಹೇಳುತ್ತಿದ್ದೆ. ಆದರೆ ಪಂಜರದ ಹೊರಗಿನ ಮೊಲ ನನಗೂ ಹೊಸದೇ. ಅದು ಇಸ್ತ್ರಿಪೆಟ್ಟಿಗೆಯ ವೈರು ಕಡಿಯಿತು. ಕುಂಡದ ತುಳಸಿಯ ಕೆಳಗಿನ ಕೊಂಬೆಗಳನ್ನು ಬೋಳಿಸಿತು. ಖುಷಿಯಾದಾಗ ನಿಂತಲ್ಲೇ ಗಾಳಿಗೆ ನೆಗೆದು ಮೈ ತಿರುಚುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ಫಿಟ್ಸ್ ಬಂತೆಂದು ಹೆದರಿ ನೀರು ತರಲು ಓಡಿದ್ದೆ.

ಹೊಲಿಗೆ ಮಿಷನ್ನಿನ ಕೆಳಗೆ ಮೂಲೆಯಲ್ಲಿ ಒಂದು ಅಗಲವಾದ ತಗಡಿನ ತಟ್ಟೆ ಇಟ್ಟು ಮರದ ಹೊಟ್ಟು, ಒಣಹುಲ್ಲು ಹಾಕಿದೆ. ಮೊದಲ ದಿನವೇ ಅದು ಅಲ್ಲಿಗೆ ಹೋಗಿ ಕೆಲಸ ಮುಗಿಸಿತು. ನಾನು ಬೀಗಿದೆ. ಮಾರನೆಯ ದಿನ ಬೆಳಿಗ್ಗೆ ತಟ್ಟೆ ಕಾಣಲಿಲ್ಲ. ಅತ್ತೆಯವರು ಕೆಲಸದ ಸೆಲ್ವಿಯಿಂದ ಅದನ್ನು ಬಿಸಿನೀರಿನಲ್ಲಿ ಉಜ್ಜಿಸಿ ಮೊಟ್ಟೆಮಾಡಿಯಲ್ಲಿ, ಅಂದರೆ ಮೇಲಿನ ತಾರಸಿಯಲ್ಲಿ, ಬಿಸಿಲಿಗೆ ಇಡಿಸಿದ್ದರು. ಮೂಲೆಯನ್ನು ಫಿನಾಯಿಲಿನಿಂದ ತೊಳೆದು ಗೋಮಯವನ್ನೂ ಚಿಮುಕಿಸಿದ್ದರು. ನನಗೆ ಅದು ಸರಿಯಾಗಿಯೇ ಕಂಡಿತು. ಲ್ಯಾಬಿನಲ್ಲಿ ನಾವೂ ಪಂಜರಗಳನ್ನು ದಿನಾ ಹಾಗೇ ತೊಳೆಯುತ್ತಿದ್ದೆವಲ್ಲ! ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ನಾವಿಬ್ಬರೂ ಈ ವಿಷಯದಲ್ಲಿ ಒಂದೇ ಪಕ್ಷ. ಇನ್ನೂ ಒಳ್ಳೆಯ ಫಿನಾಯಿಲನ್ನು ನಾನೇ ಕೊಂಡು ತಂದುಕೊಟ್ಟೆ.

ಮಧ್ಯಾಹ್ನ ಮೊಲ ಬೆತ್ತದ ಕುರ್ಚಿಯ ಕೆಳಗೆ ಒದ್ದೆ ಮಾಡಿತು. ಅತ್ತೆಯವರು ತಟ್ಟೆಯನ್ನು ದೇವರಮನೆಯಿಂದ ಇನ್ನಷ್ಟು ದೂರಕ್ಕೆ, ಬಾಗಿಲ ಹತ್ತಿರಕ್ಕೆ ಸರಿಸಿದರು. ಅದು ಬೀರುವಿನ ಪಕ್ಕ ಒದ್ದೆ ಮಾಡಿತು. ತಟ್ಟೆ ಬಾಲ್ಕನಿಗೆ ಹೋಯಿತು. ತಪ್ಪು ಹೆಚ್ಚಿದಷ್ಟೂ ತೊಳೆಯುವುದು ಹೆಚ್ಚಿತು, ತೊಳೆದಷ್ಟೂ ತಪ್ಪು ಹೆಚ್ಚಿತು. ನಾನು ಗದರಿದೆ, ಕ್ಯಾರೆಟ್ ಆಸೆ ತೋರಿಸಿದೆ, ಎತ್ತಿ ಎತ್ತಿ ತಟ್ಟೆಯಲ್ಲಿ ಕೂರಿಸಿದೆ. ಯಾವುದಕ್ಕೂ ಅದು ಜಗ್ಗಲಿಲ್ಲ.

ಗೋಕುಲಾಷ್ಟಮಿ ಬಂತು. ಬಾಗಿಲಿನಿಂದ ದೇವರಮನೆಯವರೆಗೆ ಅತ್ತೆಯವರು ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬರೆದಿದ್ದರು. ಹಬ್ಬವೆಂದು ಬಾಲ್ಕನಿಯ ಬಾಗಿಲು ಹಾಕಿತ್ತು, ತಟ್ಟೆ ಆಚೆ ಉಳಿದಿತ್ತು. ಮೊಲ ಹಿಟ್ಟಿನ ಹೆಜ್ಜೆಗಳನ್ನು ಒಂದೊಂದಾಗಿ ನೆಕ್ಕುತ್ತಾ ದೇವರಮನೆಯವರೆಗೂ ಹೋಯಿತು. ಅಷ್ಟರವರೆಗೆ ಅತ್ತೆಯವರ ತುಟಿಯಲ್ಲಿ ನಗುವಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ಅದು ಅವರ ಪೂಜೆಯ ಮಣೆ ಹತ್ತಿತು, ಅಲ್ಲೇ ಒದ್ದೆ ಮಾಡಿತು.

ಅವರು ಕೂಗಾಡಲಿಲ್ಲ. "ನಾಳೆ ತೊಗೊಂಡು ಹೋಗು" ಎಂದಷ್ಟೇ ಹೇಳಿ ಇನ್ನೊಮ್ಮೆ ಸ್ನಾನಕ್ಕೆ ಹೋದರು.

ಮರುದಿನ ಬೆಳಿಗ್ಗೆ ನಾನು ಬುಟ್ಟಿ ತೆಗೆದಾಗ ಅತ್ತೆಯವರು ಒಂದು ಹಿಡಿ ಅಗಸೆ ಸೊಪ್ಪು ತಂದರು. ದ್ವಾದಶಿಯ ಪಾರಣೆಗೆ ಅವರಿಗೆ ಬೇಕೇ ಬೇಕಾದ ಸೊಪ್ಪು ಅದು. ಮೊಲಕ್ಕೂ ಅದೆಂದರೆ ಪ್ರಾಣ.

"ದಾರೀಲಿ ಹಾಕು. ಅಲ್ಲಿ ಚೆನ್ನಾಗಿ ನೋಡ್ಕೋತಾರೆ ತಾನೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಅತ್ತೆ. ಕೊಂದುಬಿಡ್ತಾರೆ."

ಅವರ ಕೈ ಅಲ್ಲೇ ನಿಂತಿತು. "ಅಯ್ಯೋ ಪಾವಂ. ಮೊದಲೇ ಹೇಳಬಾರದಾಗಿತ್ತೇನೇ?" ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಆದ್ರೂ ಮಣೆ ಮೇಲೆ..." ಎಂದು ನಿಲ್ಲಿಸಿದರು.

ನಾವು ಹೀಗೆ ನಿಂತಿದ್ದಾಗ ಮೊಲ ಬುಟ್ಟಿಯ ಪಕ್ಕದಿಂದ ಜಿಗಿದು ಹೊಲಿಗೆ ಮಿಷನ್ನಿನ ಕೆಳಗೆ ನುಗ್ಗಿತು. ಅಲ್ಲಿ ತಟ್ಟೆ ಇರಲಿಲ್ಲ, ತೊಳೆದ ಬರಿ ನೆಲವಿತ್ತು. ಮೂಲೆಯನ್ನು ಮೂಸಿತು, ಮುಂಗಾಲಿನಿಂದ ಕೆರೆಯಿತು, ಸುತ್ತು ಹಾಕಿ ಮತ್ತೆ ಮೂಸಿತು. ಮನೆಯವರು ಸಾಮಾನು ಜರುಗಿಸಿದ ಮೇಲೆ ಕನ್ನಡಕ ಹುಡುಕುವ ಮುದುಕರ ಹಾಗೆ ಕಂಡಿತು. ಕೊನೆಗೆ ಅಲ್ಲೇ ಕುಳಿತು ಒದ್ದೆ ಮಾಡಿತು. ಅತ್ತೆಯವರು ರೂಢಿಯಂತೆ ಬಕೆಟ್ಟಿಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದುಬಿಟ್ಟೆ. ಮಡಿಯಲ್ಲಿದ್ದ ಅತ್ತೆಯವರನ್ನು ನಾನು ಮುಟ್ಟಿದ್ದು ಅದೇ ಮೊದಲು.

"ತೊಳೀಬೇಡಿ ಅತ್ತೆ. ಮೊದಲನೇ ದಿನ ಅದು ಹೋದ ಜಾಗ ಇದೇ. ತನ್ನ ವಾಸನೆ ಹುಡುಕ್ತಿದೆ. ನಾವು ದಿನಾ ತೊಳೆದು ಅಳಿಸ್ತಿದ್ದೀವಿ, ತಟ್ಟೇನೂ ದಿನಕ್ಕೊಂದು ಕಡೆ ಇಡ್ತಿದ್ದೀವಿ. ಅದು ಎಲ್ಲಿಗೆ ಹೋಗಬೇಕು ಹೇಳಿ?"

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಮೊಲವನ್ನು ನೋಡಿದರು, ದೇವರಮನೆಯ ಕಡೆ ತಿರುಗಿ ತಮ್ಮ ಮಣೆಯನ್ನು ನೋಡಿದರು.

"ಹಾಗಾದ್ರೆ ಅದಕ್ಕೂ ಮಡಿ ಇದೆ ಕಣೇ" ಎಂದರು. "ತನ್ನ ಜಾಗ ಇನ್ನೊಬ್ಬರು ಮುಟ್ಟಬಾರದು ಅಂತ ಅದಕ್ಕೂ ಇದೆ. ನಾವಿಬ್ಬರೂ ಸೇರಿ ದಿನಾ ಮೈಲಿಗೆ ಮಾಡ್ತಿದ್ವಿ."

ಆ ದಿನ ನಾನು ಬರಿಗೈಯಲ್ಲಿ ಕೆಲಸಕ್ಕೆ ಹೋದೆ. ತಟ್ಟೆ ಮಿಷನ್ನಿನ ಕೆಳಗೆ ಕಾಯಂ ಆಯಿತು. ಹೊಟ್ಟು ಬದಲಿಸುವಾಗ ಹಳೆಯ ಹುಲ್ಲು ಒಂದು ಹಿಡಿ ಅದರಲ್ಲೇ ಉಳಿಸುತ್ತಿದ್ದೆ. ಅತ್ತೆಯವರಿಗೆ ಇದು ಸುಲಭವಾಗಿರಲಿಲ್ಲ. ಮನೆಯಲ್ಲಿ ಒಂದು ಮೂಲೆ ತೊಳೆಯದೆ ಇದೆ ಎಂಬ ಯೋಚನೆಗೇ ಅವರು ಮುಖ ಸಿಂಡರಿಸುತ್ತಿದ್ದರು. ಆದರೂ ಸೆಲ್ವಿ ಪೊರಕೆ ಹಿಡಿದು ಅತ್ತ ಹೋದರೆ, "ಅಂದ ಮೂಲೆ ತೊಡಾದೆ, ಅದು ಅದೋಡ ಎಡಂ" ಎಂದು ತಮಿಳಿನಲ್ಲಿ ತಡೆಯುತ್ತಿದ್ದರು. ಮುಟ್ಟಬೇಡ, ಅದು ಅದರ ಜಾಗ ಎಂದು. ಮೊಲ ಸ್ವಲ್ಪ ದಿನಗಳಲ್ಲೇ ಸುಧಾರಿಸಿತು. ಸುಧಾರಿಸಿತು ಎಂದು ಬಾಯಿಮಾತಿಗೆ ಹೇಳಿದೆ, ಕಲಿಯಬೇಕಾಗಿದ್ದವರು ನಾವು. "ನಿನ್ನ ಪ್ರಾಣಿ" ಎನ್ನುತ್ತಿದ್ದ ಅತ್ತೆಯವರ ಬಾಯಲ್ಲಿ ದೀಪಾವಳಿಯ ಹೊತ್ತಿಗೆ "ನಮ್ಮನೆ ಮೊಲ" ಬಂದಿತ್ತು.

ಲ್ಯಾಬಿನಲ್ಲಿ ನಾನು ಮ್ಯಾನೇಜರರಿಗೆ ಒಂದು ಸಲಹೆ ಕೊಟ್ಟೆ. ಅಲ್ಲಿಯವರೆಗೆ ಪರೀಕ್ಷೆ ಮುಗಿದ ಮೊಲವನ್ನು, ತೊಳೆದಿಟ್ಟ ಖಾಲಿ ಪಂಜರ ಯಾವುದಿದೆಯೋ ಅದಕ್ಕೆ ಹಾಕುತ್ತಿದ್ದರು. ಇನ್ನು ಮುಂದೆ ಪ್ರತಿ ಮೊಲಕ್ಕೂ ಅದರದೇ ಪಂಜರ ಇರಲಿ ಎಂದೆ. "ಮೊಲಕ್ಕೆ ಸ್ವಂತ ಮನೇನಾ ಮೇಡಂ?" ಎಂದು ಅವರು ನಕ್ಕರು, ಆದರೆ ಒಪ್ಪಿದರು. ಎಲ್ಲ ಮೊಲಗಳೂ ಶಾಂತವಾದವು ಎಂದು ನಾನು ಹೇಳುವುದಿಲ್ಲ. ಕೊಲ್ಲುವ ಪಟ್ಟಿ ಗಿಡ್ಡವಾದದ್ದು ನಿಜ. ಆ ಪಟ್ಟಿ ಇದ್ದೇ ಇತ್ತು ಎಂಬುದೂ ನಿಜ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಕೆಲಸಕ್ಕೆ ಬಂದ ಹೊಸಬರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು. ಪ್ರಾಣಿಯ ಉಷ್ಣತೆ ಅಳೆದ ಮಾತ್ರಕ್ಕೆ ಪ್ರಾಣಿ ಗೊತ್ತಾಗುವುದಿಲ್ಲ. ಅದು ತಪ್ಪು ಮಾಡುತ್ತಿದೆ ಎಂದು ಬರೆಯುವ ಮೊದಲು, ಅದಕ್ಕೆ ಬೇಕಾದದ್ದನ್ನು ನಾವೇ ತೊಳೆದುಹಾಕಿಲ್ಲವೇ ಎಂದು ನೋಡಿ. ನನ್ನ ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಇದು. ಕಲಿತದ್ದು ಮಾತ್ರ ಮನೆಯಲ್ಲಿ.

ಮೊಲ 1984ರವರೆಗೆ ಬದುಕಿತ್ತು. ಒಂದು ಬೆಳಿಗ್ಗೆ ತನ್ನ ತಟ್ಟೆಯ ಪಕ್ಕದಲ್ಲೇ ಮಲಗಿದ್ದದ್ದು ಏಳಲಿಲ್ಲ. ಯಜಮಾನರು ಅದನ್ನು ಕೆಳಗಿನ ಹಿತ್ತಲಿನ ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿ ಬಂದರು. ಸಾವಿನ ಮನೆಯಿಂದ ಯಾರಾದರೂ ಬಂದರೆ ಹೊಸಿಲನ್ನೂ ಬಿಡದೆ ತೊಳೆಸುವವರು ನಮ್ಮ ಅತ್ತೆ. ಅದು ಗೊತ್ತಿದ್ದೇ ಸೆಲ್ವಿ ಹೇಳುವ ಮೊದಲೇ ಬಕೆಟ್ಟು, ಫಿನಾಯಿಲು ತಂದು ಮಿಷನ್ನಿನ ಮುಂದೆ ಇಟ್ಟಳು. ಅತ್ತೆಯವರು ಕೈ ಅಡ್ಡ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಕಡೆ ತಿರುಗಿ ಹೇಳಿದರು:

"ಅವಳಿಗೆ ಬೇಡ ಅನ್ನೇ. ಇವತ್ತೊಂದು ದಿನ ಅದರ ಮಡಿ ಅದಕ್ಕಿರಲಿ."